ಬಾರ್ಬೆಲ್ ಸ್ಕ್ವಾಟ್

ಬಾರ್ಬೆಲ್ ಸ್ಕ್ವಾಟ್ ಎಂಬುದು ಎರಡೂ ತುದಿಗಳಲ್ಲಿ ತೂಕದ ಪ್ಲೇಟುಗಳನ್ನು ಜೋಡಿಸಿದ ಉಕ್ಕಿನ ಸರಳನ್ನು ಹೆಗಲಿನ ಮೇಲೆ ಹೊತ್ತು, ಮೊಣಕಾಲು ಹಾಗೂ ಸೊಂಟದ ಕೀಲುಗಳನ್ನು ಮಡಿಸಿ ಕುಳಿತು, ಪುನಃ ಎದ್ದು ನಿಲ್ಲುವ ವ್ಯಾಯಾಮ. ತೊಡೆ, ಪೃಷ್ಠ ಮತ್ತು ಬೆನ್ನಿನ ಕೆಳಭಾಗದ ಸ್ನಾಯುಗಳನ್ನು ಬಲಪಡಿಸುವ ಪ್ರಮುಖ ವ್ಯಾಯಾಮಗಳಲ್ಲಿ ಇದು ಒಂದು. ಪವರ್‌ಲಿಫ್ಟಿಂಗ್ ಸ್ಪರ್ಧೆಯ ಮೂರು ಎತ್ತುವಿಕೆಗಳಲ್ಲಿ ಇದು ಮೊದಲನೆಯದು. ಬೆಂಚ್ ಪ್ರೆಸ್ ಮತ್ತು ಡೆಡ್‌ಲಿಫ್ಟ್ ಉಳಿದೆರಡು. ಸರಳನ್ನು ದೇಹದ ಯಾವ ಭಾಗದಲ್ಲಿ ಇರಿಸಬೇಕು, ಎಷ್ಟು ಆಳಕ್ಕೆ ಕೂರಬೇಕು, ಮೊಣಕಾಲು ಎಷ್ಟು ಮುಂದೆ ಹೋಗಬಹುದು ಎಂಬ ವಿಷಯಗಳಲ್ಲಿ ತರಬೇತುದಾರರ ನಡುವೆ ದೀರ್ಘಕಾಲದಿಂದ ಭಿನ್ನಾಭಿಪ್ರಾಯಗಳಿವೆ.

ಹಿನ್ನೆಲೆ

ತೂಕವಿಲ್ಲದೆ ಮಾಡುವ ಇದೇ ಬಗೆಯ ವ್ಯಾಯಾಮಕ್ಕೆ ಕನ್ನಡದಲ್ಲಿ ಬಸ್ಕಿ ಎಂಬ ಹೆಸರಿದೆ. ಗರಡಿಮನೆಗಳಲ್ಲಿ ದಂಡೆ ಮತ್ತು ಬಸ್ಕಿಗಳು ಪೈಲ್ವಾನರ ನಿತ್ಯದ ಸಾಧನೆಗಳಾಗಿವೆ. ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ನೆಲದಿಂದ ಮೇಲೇಳುತ್ತದೆ, ಮೊಣಕಾಲು ಕಾಲ್ಬೆರಳುಗಳನ್ನು ದಾಟಿ ಮುಂದೆ ಹೋಗುತ್ತದೆ, ಕೈಗಳು ಲಯಬದ್ಧವಾಗಿ ಬೀಸುತ್ತವೆ. ಇಲ್ಲಿ ಭಾರಕ್ಕಿಂತ ಆವರ್ತನೆಗಳ ಸಂಖ್ಯೆಗೆ ಪ್ರಾಧಾನ್ಯ.

ಸರಳಿನೊಂದಿಗೆ ಆಳವಾಗಿ ಕೂರುವ ಪದ್ಧತಿಯನ್ನು 1920ರ ದಶಕದಲ್ಲಿ ಅಮೆರಿಕದಲ್ಲಿ ಜನಪ್ರಿಯಗೊಳಿಸಿದವರಲ್ಲಿ ಜರ್ಮನಿ ಮೂಲದ ಮಲ್ಲ ಹೆನ್ರಿ ಸ್ಟೈನ್‌ಬಾರ್ನ್ ಪ್ರಮುಖರು. ಅವರು ಸರಳನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಅಡಿಗೆ ಬಾಗಿ, ಯಾರ ಸಹಾಯವೂ ಇಲ್ಲದೆ ಬೆನ್ನಿಗೆ ಉರುಳಿಸಿಕೊಳ್ಳುತ್ತಿದ್ದರು. ಸರಳನ್ನು ಹೆಗಲೆತ್ತರದಲ್ಲಿ ಇರಿಸುವ ರ‍್ಯಾಕ್‌ಗಳು ಬಳಕೆಗೆ ಬಂದ ಮೇಲೆ ಹೆಚ್ಚಿನ ಭಾರವನ್ನು ಕ್ರಮಬದ್ಧವಾಗಿ ಹೊರುವುದು ಸುಲಭವಾಯಿತು. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟ 1972ರಲ್ಲಿ ಸ್ಥಾಪನೆಯಾಯಿತು.

ಸರಳನ್ನು ಇರಿಸುವ ಸ್ಥಾನಗಳು

ಮೇಲಿನ ಸ್ಥಾನ: ಸರಳು ಕುತ್ತಿಗೆಯ ಬುಡದ ಕೆಳಗೆ, ಟ್ರೆಪೀಜಿಯಸ್ ಸ್ನಾಯುವಿನ ಮೇಲ್ಭಾಗದಲ್ಲಿ ನಿಲ್ಲುತ್ತದೆ. ಕುತ್ತಿಗೆಯ ಎಲುಬಿನ ಮೇಲೆಯೇ ಸರಳನ್ನು ಇರಿಸುವುದು ತಪ್ಪು. ಇಲ್ಲಿ ಮುಂಡ ಹೆಚ್ಚು ನೆಟ್ಟಗಿರುತ್ತದೆ. ಒಲಿಂಪಿಕ್ ಶೈಲಿಯ ವೇಟ್‌ಲಿಫ್ಟಿಂಗ್ ಅಭ್ಯಾಸಿಗಳು ಹೆಚ್ಚಾಗಿ ಇದನ್ನು ಅನುಸರಿಸುತ್ತಾರೆ.

ಕೆಳಗಿನ ಸ್ಥಾನ: ಸರಳು ಕೆಲವು ಸೆಂಟಿಮೀಟರ್ ಕೆಳಗೆ, ಹೆಗಲ ಹಲಗೆ ಮೂಳೆಯ ಏಣಿನ ಬಳಿ, ಭುಜದ ಹಿಂಭಾಗದ ಸ್ನಾಯುಗಳ ಮೇಲೆ ನಿಲ್ಲುತ್ತದೆ. ಮುಂಡ ಹೆಚ್ಚು ಮುಂದಕ್ಕೆ ಬಾಗುತ್ತದೆ. ಪವರ್‌ಲಿಫ್ಟಿಂಗ್‌ನಲ್ಲಿ ಇದು ವ್ಯಾಪಕ. ಭುಜದ ಕೀಲು ಬಿಗಿಯಾಗಿರುವವರಿಗೆ ಈ ಹಿಡಿತ ಕಷ್ಟವಾಗಬಹುದು. ಮಣಿಕಟ್ಟು ಮತ್ತು ಮೊಣಕೈ ನೋಯುವುದೂ ಉಂಟು.

ಮುಂಭಾಗದ ಸ್ಥಾನ: ಸರಳು ಭುಜದ ಮುಂಭಾಗದಲ್ಲಿ, ಕಾಲರ್ ಮೂಳೆಗೆ ತಾಗಿದಂತೆ ಇರುತ್ತದೆ, ಮೊಣಕೈಗಳನ್ನು ಮೇಲೆತ್ತಿ ಹಿಡಿಯಬೇಕು. ಮುಂಡ ಬಾಗಿದರೆ ಸರಳು ಜಾರಿಬೀಳುವುದರಿಂದ ನೆಟ್ಟಗಿರುವುದು ಇಲ್ಲಿ ಅನಿವಾರ್ಯ. ವೇಟ್‌ಲಿಫ್ಟಿಂಗ್‌ನ ಕ್ಲೀನ್ ಎತ್ತುವಿಕೆಯಲ್ಲಿ ಭಾರವನ್ನು ಇದೇ ಭಂಗಿಯಲ್ಲಿ ಸ್ವೀಕರಿಸಿ ಮೇಲೇಳಲಾಗುತ್ತದೆ.

ಸ್ಥಾನ ಮತ್ತು ಸಮತೋಲನ

ಈ ಭಿನ್ನತೆಗಳ ಹಿಂದಿರುವುದು ಸರಳವಾದ ಯಂತ್ರಶಾಸ್ತ್ರ. ಭಾರ ದೊಡ್ಡದಾದಂತೆ, ದೇಹ ಮತ್ತು ಸರಳಿನ ಒಟ್ಟು ಗುರುತ್ವ ಕೇಂದ್ರ ಸರಳಿನ ಕಡೆಗೆ ಸರಿಯುತ್ತದೆ. ಆದ್ದರಿಂದ ಸರಳು ಸುಮಾರಾಗಿ ಪಾದದ ನಡುಭಾಗದ ನೇರಕ್ಕೆ ಇರದಿದ್ದರೆ ವ್ಯಕ್ತಿ ಮುಂದಕ್ಕೋ ಹಿಂದಕ್ಕೋ ವಾಲುತ್ತಾನೆ. ಸರಳು ಬೆನ್ನಿನ ಮೇಲೆ ಕೆಳಗಿದ್ದಷ್ಟೂ ಅದನ್ನು ಪಾದದ ನಡುಭಾಗದ ನೇರಕ್ಕೆ ತರಲು ಮುಂಡವನ್ನು ಹೆಚ್ಚು ಬಾಗಿಸಬೇಕಾಗುತ್ತದೆ. ಆಗ ಸೊಂಟ ಹಿಂದೆ ಸರಿದು, ಪೃಷ್ಠ ಮತ್ತು ಬೆನ್ನಿನ ಸ್ನಾಯುಗಳ ಪಾಲು ಹೆಚ್ಚುತ್ತದೆ. ಸರಳು ಮೇಲಿದ್ದರೆ ಅಥವಾ ಮುಂದಿದ್ದರೆ ಮೊಣಕಾಲು ಮುಂದೆ ಹೋಗಿ, ತೊಡೆಯ ಮುಂಭಾಗದ ಸ್ನಾಯುಗಳ ಪಾಲು ಹೆಚ್ಚುತ್ತದೆ. ಶಿವಮೊಗ್ಗದ ಅಡಿಕೆ ಮಂಡಿಗಳಲ್ಲಿ ಬೆನ್ನಿನ ಮೇಲೆ ಮೂಟೆ ಹೊತ್ತ ಹಮಾಲರು ಮುಂದಕ್ಕೆ ಬಾಗಿ ನಡೆಯುವುದೂ, ಭಾರವನ್ನು ಪಾದಗಳ ನೇರಕ್ಕೆ ತಂದುಕೊಳ್ಳುವ ಇದೇ ನಿಯಮದಿಂದ.

ದೇಹರಚನೆಯೂ ಇಲ್ಲಿ ಮುಖ್ಯ. ಮುಂಡಕ್ಕೆ ಹೋಲಿಸಿದರೆ ತೊಡೆ ಉದ್ದವಾಗಿರುವವರು ಯಾವ ಸ್ಥಾನದಲ್ಲಿಯೂ ಹೆಚ್ಚು ಬಾಗುತ್ತಾರೆ. ಕಾಲಿನ ಹರಡು ಬಿಗಿಯಾಗಿರುವವರ ಹಿಮ್ಮಡಿ ಬೇಗ ಮೇಲೇಳುತ್ತದೆ. ಹಿಮ್ಮಡಿ ಎತ್ತರಿಸಿದ ವೇಟ್‌ಲಿಫ್ಟಿಂಗ್ ಬೂಟುಗಳ ಉದ್ದೇಶ ಈ ಕೊರತೆಯನ್ನು ತುಂಬುವುದು. ಆದ್ದರಿಂದ ಒಬ್ಬರಿಗೆ ಸಹಜವಾದ ಭಂಗಿ ಇನ್ನೊಬ್ಬರಲ್ಲಿ ದೋಷವಾಗಿ ಕಾಣಬಹುದು.

ಚರ್ಚೆಯ ವಿಷಯಗಳು

ಯಾವ ಸ್ಥಾನ ಉತ್ತಮ?
ಅಮೆರಿಕದ ತರಬೇತುದಾರ ಮಾರ್ಕ್ ರಿಪ್ಪೆಟೋ ಅವರು 2005ರಲ್ಲಿ ಮೊದಲು ಪ್ರಕಟವಾದ ‘ಸ್ಟಾರ್ಟಿಂಗ್ ಸ್ಟ್ರೆಂತ್’ ಕೃತಿಯ ಮೂಲಕ ಕೆಳಗಿನ ಸ್ಥಾನವನ್ನು ಬಲವಾಗಿ ಪ್ರತಿಪಾದಿಸಿದರು. ಈ ಭಂಗಿಯಲ್ಲಿ ಹೆಚ್ಚು ಸ್ನಾಯುಗಳು ಪಾಲ್ಗೊಳ್ಳುತ್ತವೆ, ಹೆಚ್ಚು ಭಾರ ಎತ್ತಬಹುದು ಎಂಬುದು ಅವರ ವಾದ. ವೇಟ್‌ಲಿಫ್ಟಿಂಗ್ ತರಬೇತುದಾರರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ. ಸ್ನ್ಯಾಚ್ ಹಾಗೂ ಕ್ಲೀನ್ ಎತ್ತುವಿಕೆಗಳಲ್ಲಿ ಮುಂಡ ನೆಟ್ಟಗಿರಬೇಕಾದ್ದರಿಂದ ಅಭ್ಯಾಸವೂ ಅದೇ ಭಂಗಿಯಲ್ಲಿ ಇರಬೇಕೆಂಬುದು ಅವರ ನಿಲುವು. ಎರಡೂ ವಾದಗಳು ತಮ್ಮ ತಮ್ಮ ಉದ್ದೇಶಕ್ಕೆ ಸಲ್ಲುತ್ತವೆ.

ಎಷ್ಟು ಆಳ?
ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲೈನ್ ಅವರು 1961ರಲ್ಲಿ, ಪೂರ್ಣ ಆಳಕ್ಕೆ ಕೂರುವುದರಿಂದ ಮೊಣಕಾಲಿನ ಅಸ್ಥಿರಜ್ಜುಗಳು ಸಡಿಲಗೊಳ್ಳುತ್ತವೆ ಎಂದು ಪ್ರಕಟಿಸಿದರು. ಇದರಿಂದಾಗಿ ಅರ್ಧ ಮಾತ್ರ ಕೂರಬೇಕೆಂಬ ಸಲಹೆ ಬಹುಕಾಲ ಪ್ರಚಾರದಲ್ಲಿತ್ತು. ಅನಂತರದ ಅಧ್ಯಯನಗಳು ಆರೋಗ್ಯವಂತರ ವಿಷಯದಲ್ಲಿ ಈ ತೀರ್ಮಾನವನ್ನು ಸಮರ್ಥಿಸಲಿಲ್ಲ.

ಮೊಣಕಾಲು ಕಾಲ್ಬೆರಳನ್ನು ದಾಟಬಹುದೇ?
ದಾಟಬಾರದೆಂಬುದು ವ್ಯಾಯಾಮಶಾಲೆಗಳಲ್ಲಿ ಅತಿ ಹೆಚ್ಚು ಕೇಳಿಬರುವ ಸೂಚನೆ. ಆಂಡ್ರ್ಯೂ ಫ್ರೈ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 7 ಪುರುಷರ ಮೊಣಕಾಲಿನ ಮುಂದೆ ಹಲಗೆಯನ್ನು ತಡೆಯಾಗಿ ಇರಿಸಿ ಪರೀಕ್ಷಿಸಲಾಯಿತು. ತಡೆ ಇದ್ದಾಗ ಮೊಣಕಾಲಿನ ಮೇಲಿನ ತಿರುಚು ಬಲ ಸರಾಸರಿ 150.1 ನ್ಯೂಟನ್-ಮೀಟರ್‌ನಿಂದ 117.3ಕ್ಕೆ ಇಳಿಯಿತು, ಆದರೆ ಸೊಂಟದ ಕೀಲಿನ ಮೇಲಿನದು 28.2ರಿಂದ 302.7ಕ್ಕೆ ಏರಿತು. ಮೊಣಕಾಲಿನಿಂದ ತಪ್ಪಿಸಿದ ಹೊರೆ ಮಾಯವಾಗುವುದಿಲ್ಲ, ಸೊಂಟದ ಕಡೆಗೆ ವರ್ಗಾವಣೆಯಾಗುತ್ತದೆ ಎಂಬುದು ಇದರ ಸಾರ. ಪರೀಕ್ಷೆಗೆ ಒಳಗಾದವರ ಸಂಖ್ಯೆ ಚಿಕ್ಕದೆಂಬುದನ್ನೂ ಗಮನಿಸಬೇಕು.

ಒಮ್ಮತವಿರುವ ಅಂಶಗಳು
ಪಾದ ನೆಲಕ್ಕೆ ಪೂರ್ತಿ ಊರಿರಬೇಕು. ಮೊಣಕಾಲುಗಳು ಕಾಲ್ಬೆರಳುಗಳ ದಿಕ್ಕಿನಲ್ಲಿಯೇ ಸಾಗಬೇಕು, ಒಳಕ್ಕೆ ಕುಸಿಯಬಾರದು. ಭಾರ ಹೊತ್ತಾಗ ಬೆನ್ನು ಗೂನಾಗಬಾರದು. ಮೇಲೇಳುವಾಗ ಸೊಂಟ ಮೊದಲು ಎದ್ದು ಎದೆ ಹಿಂದುಳಿಯಬಾರದು. ಸರಳಿನ ಸ್ಥಾನ ಯಾವುದೇ ಇರಲಿ, ಈ ಅಂಶಗಳಲ್ಲಿ ತರಬೇತುದಾರರು ಬಹುಮಟ್ಟಿಗೆ ಒಂದಾಗುತ್ತಾರೆ.

ಸ್ಪರ್ಧೆಯ ನಿಯಮಗಳು

ಪವರ್‌ಲಿಫ್ಟಿಂಗ್‌ನಲ್ಲಿ ಸರಳಿನ ತೂಕ 20 ಕಿಲೋಗ್ರಾಂ. ಸ್ಪರ್ಧಿಯು ಮುಖ್ಯ ತೀರ್ಪುಗಾರರ ಸೂಚನೆ ಬಂದ ಬಳಿಕವೇ ಕೂರಲು ಆರಂಭಿಸಬೇಕು, ಎದ್ದು ನಿಂತು ಮತ್ತೊಂದು ಸೂಚನೆ ಬಂದ ಬಳಿಕವೇ ಸರಳನ್ನು ರ‍್ಯಾಕಿಗೆ ಮರಳಿಸಬೇಕು. ಸೊಂಟದ ಕೀಲಿನ ಬಳಿ ತೊಡೆಯ ಮೇಲ್ಮೈ ಮೊಣಕಾಲಿನ ಮೇಲ್ತುದಿಗಿಂತ ಕೆಳಗಿಳಿಯುವುದು ಕಡ್ಡಾಯ. ಮೂವರು ತೀರ್ಪುಗಾರರಲ್ಲಿ ಕನಿಷ್ಠ ಇಬ್ಬರು ಬಿಳಿ ದೀಪ ತೋರಿದರೆ ಪ್ರಯತ್ನ ಮಾನ್ಯವಾಗುತ್ತದೆ.

ಶಿವಮೊಗ್ಗ, ಭದ್ರಾವತಿ ಮತ್ತು ನೆರೆಯ ಪ್ರದೇಶ

ಶಿವಮೊಗ್ಗ ಹಾಗೂ ಭದ್ರಾವತಿಯಲ್ಲಿ ಕುಸ್ತಿ ಮತ್ತು ಗರಡಿಯ ಪರಂಪರೆ ಇದೆ. ಜಾತ್ರೆಗಳ ಸಂದರ್ಭದಲ್ಲಿ ಕುಸ್ತಿ ಪಂದ್ಯಗಳು ನಡೆಯುತ್ತವೆ. ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನ ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಈ ಕಾರ್ಖಾನೆಯಿಂದ ಊರು ಕಾರ್ಮಿಕ ಪಟ್ಟಣವಾಗಿ ಬೆಳೆಯಿತು. ಇಂದು ಎರಡೂ ನಗರಗಳಲ್ಲಿ ಗರಡಿಯ ಜೊತೆಗೆ ಆಧುನಿಕ ವ್ಯಾಯಾಮಶಾಲೆಗಳಿವೆ. ಗರಡಿಯ ಬಸ್ಕಿಗೆ ಒಗ್ಗಿದವರು ಸರಳು ಹೊತ್ತಾಗ ಹಿಮ್ಮಡಿ ಎತ್ತುವ ರೂಢಿಯನ್ನು ಬಿಡಬೇಕಾಗುತ್ತದೆ. ಬರಿಮೈಯಲ್ಲಿ ನಿರಪಾಯಕಾರಿಯಾದ ಆ ಚಲನೆ, ಹೆಗಲ ಮೇಲೆ ಭಾರವಿದ್ದಾಗ ಸಮತೋಲನವನ್ನು ಕೆಡಿಸುತ್ತದೆ. ಆದರೆ ಆಳಕ್ಕೆ ಕೂರಲು ಬೇಕಾದ ಕೀಲುಗಳ ಸಡಿಲತೆ ಅವರಿಗೆ ಮೊದಲೇ ಸಿದ್ಧಿಸಿರುತ್ತದೆ.

ನೆರೆಯ ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿ ಅವರು ಕುಸ್ತಿಯಿಂದ ವೇಟ್‌ಲಿಫ್ಟಿಂಗ್‌ಗೆ ಬಂದವರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋಗ್ರಾಂ ವಿಭಾಗದಲ್ಲಿ ಒಟ್ಟು 249 ಕಿಲೋಗ್ರಾಂ ಎತ್ತಿ ಬೆಳ್ಳಿ ಪದಕವನ್ನೂ, 2022ರ ಬರ್ಮಿಂಗ್‌ಹ್ಯಾಮ್ ಕೂಟದ 61 ಕಿಲೋಗ್ರಾಂ ವಿಭಾಗದಲ್ಲಿ 269 ಕಿಲೋಗ್ರಾಂ ಎತ್ತಿ ಕಂಚಿನ ಪದಕವನ್ನೂ ಪಡೆದರು.

ಮುನ್ನೆಚ್ಚರಿಕೆಗಳು

ಕಲಿಯುವವರು ಮೊದಲು ಭಾರವಿಲ್ಲದೆ, ಅನಂತರ ಬರಿಯ ಸರಳಿನೊಂದಿಗೆ ಅಭ್ಯಾಸ ಮಾಡಿ, ಭಂಗಿ ಸ್ಥಿರವಾದ ಬಳಿಕ ಸ್ವಲ್ಪಸ್ವಲ್ಪವಾಗಿ ತೂಕ ಏರಿಸುವುದು ಕ್ರಮ. ಹೆಚ್ಚಿನ ಭಾರ ಹೊರುವಾಗ ರ‍್ಯಾಕಿನ ಸುರಕ್ಷಾ ಸರಳುಗಳನ್ನು ಕುಳಿತ ಎತ್ತರಕ್ಕಿಂತ ತುಸು ಕೆಳಗೆ ಹೊಂದಿಸಬೇಕು ಅಥವಾ ಅನುಭವಿ ಸಹಾಯಕರು ಪಕ್ಕದಲ್ಲಿರಬೇಕು. ಭಾರ ಹೊತ್ತು ಉಸಿರು ಬಿಗಿಹಿಡಿದಾಗ ರಕ್ತದೊತ್ತಡ ತಾತ್ಕಾಲಿಕವಾಗಿ ತೀವ್ರವಾಗಿ ಏರುತ್ತದೆ. ಆದ್ದರಿಂದ ಅಧಿಕ ರಕ್ತದೊತ್ತಡ, ಹೃದಯದ ತೊಂದರೆ, ಅಂಡವಾಯು ಅಥವಾ ಬೆನ್ನುಮೂಳೆಯ ತೊಂದರೆ ಇರುವವರು ವೈದ್ಯರ ಸಲಹೆ ಪಡೆದೇ ಈ ವ್ಯಾಯಾಮವನ್ನು ಆರಂಭಿಸಬೇಕು. ಮೊಣಕಾಲು, ಸೊಂಟ ಅಥವಾ ಬೆನ್ನಿನಲ್ಲಿ ಚುಚ್ಚುವ ನೋವು ಕಾಣಿಸಿಕೊಂಡರೆ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಬೇಕು.