ತಿಥಿಯೂ ತೀರವೂ: ಡ್ರ್ಯಾಗನ್ ದೋಣಿಯ ಹಬ್ಬದ ವಲಸೆ

ಚೀನೀಯರ ಚಾಂದ್ರಪಂಚಾಂಗದ ಐದನೆಯ ಮಾಸದ ಐದನೆಯ ದಿನ ಬರುವ ದ್ವಾನ್‌ವೂ ಹಬ್ಬಕ್ಕೆ ಎರಡು ಮುಖ್ಯ ಅಂಗಗಳುಂಟು: ಮನೆಯೊಳಗೆ ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟುಅಕ್ಕಿಯ ಕಡುಬು, ಹೊಳೆಯ ಮೇಲೆ ಡ್ರ್ಯಾಗನ್ ಮೊಗದ ದೋಣಿಗಳ ಪಂದ್ಯ. ತಾಯ್ನಾಡನ್ನು ಬಿಟ್ಟು ಹೊರಟವರೊಡನೆ ಇವೆರಡೂ ಪಯಣಿಸಿದುವು. ಆದರೆ ಅವುಗಳಿಗೆ ಒದಗಿದ ಗತಿ ಒಂದೇ ಆಗಲಿಲ್ಲ.

ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಚೂ ರಾಜ್ಯದ ಮಂತ್ರಿಯೂ ಕವಿಯೂ ಆಗಿದ್ದ ಚ್ಯೂ ಯುವಾನನು ಗಡೀಪಾರಾಗಿ, ನಾಡಿನ ಪತನಕ್ಕೆ ನೊಂದು ಮೀಲ್ವೊ ನದಿಗೆ ಹಾರಿದನೆಂದೂ, ಅವನನ್ನು ಅರಸಿ ಹೊರಟ ದೋಣಿಗಳ ಸ್ಮರಣೆಯೇ ಈ ಪಂದ್ಯವೆಂದೂ ಪ್ರತೀತಿ. ಸೂಜೌ ಪ್ರಾಂತದವರು ಇದೇ ದಿನ ವೂ ತ್ಸಶೂ ಎಂಬ ಮಂತ್ರಿಯನ್ನು ನೆನೆಯುತ್ತಾರೆ. ಜೆಜಿಯಾಂಗಿನಲ್ಲಿ, ತಂದೆಯ ಶವವನ್ನು ಹುಡುಕುತ್ತ ನೀರಿಗಿಳಿದ ತ್ಸಾವ್ ಅ ಎಂಬ ಬಾಲೆಯನ್ನು. ಹಬ್ಬವು ಚ್ಯೂ ಯುವಾನನಿಗಿಂತ ಪ್ರಾಚೀನವಾದುದೆಂದು 1940ರ ದಶಕದಲ್ಲಿ ವಿದ್ವಾಂಸ ವೆನ್ ಯೀದುವೊ ವಾದಿಸಿದನು. ಕಥೆ ಊರಿಗೊಂದಾದರೂ ಆಚರಣೆ ಒಂದೇ ಎಂಬುದು ಇದರಿಂದ ವಿಶದವಾಗುತ್ತದೆ.

ದೋಣಿಯು ಹೋದೆಡೆಯಲ್ಲೆಲ್ಲ ಹೊಸ ಕಾರಣವನ್ನು ಪಡೆಯಿತು. 1655ರಲ್ಲಿ ನಾಗಸಾಕಿ ಬಂದರದಲ್ಲಿ ಚೀನೀ ಹಡಗುಗಳು ಬಿರುಗಾಳಿಗೆ ಸಿಕ್ಕಾಗ, ಕಡಲದೇವನನ್ನು ಶಾಂತಗೊಳಿಸಲು ಅಲ್ಲಿನ ಚೀನೀಯರು ಪಂದ್ಯ ನಡೆಸಿದರೆಂದು ಸ್ಥಳೀಯರ ನಂಬಿಕೆ. ಇಂದು ಅದು ಜಪಾನೀಯರದೇ ಆಗಿ ಜುಲೈ ತಿಂಗಳಲ್ಲಿ ಜರುಗುತ್ತದೆ. 1976ರಲ್ಲಿ ಹಾಂಗ್‌ಕಾಂಗ್ ಪರದೇಶದ ತಂಡಗಳನ್ನು ಆಹ್ವಾನಿಸಿತು. 1986ರ ವ್ಯಾಂಕೂವರ್ ಮಹಾಪ್ರದರ್ಶನದ ಮೂಲಕ ದೋಣಿಗಳು ಕೆನಡಾವನ್ನು ಸೇರಿದುವು; 1991ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪಿತವಾಯಿತು. ಇಪ್ಪತ್ತು ಮಂದಿ ಹುಟ್ಟು ಹಾಕುವವರು, ಒಬ್ಬ ನಗಾರಿಯವನು, ಒಬ್ಬ ಚುಕ್ಕಾಣಿಗ, ಇದು ಈಗಿನ ರೂಢಿಯ ದೋಣಿ. ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ತೋಳಿಗೆ ಶ್ರಮ ಕೊಡಬಾರದೆಂಬ ಅಂದಿನ ವೈದ್ಯಾಭಿಪ್ರಾಯವನ್ನು ಪರೀಕ್ಷಿಸಲು, 1996ರಲ್ಲಿ ವ್ಯಾಂಕೂವರಿನ ವೈದ್ಯ ಡಾನ್ ಮೆಕೆಂಜಿ ಅಂತಹ ಮಹಿಳೆಯರದೇ ತಂಡವನ್ನು ಕಟ್ಟಿದರು. ಅನುಭವವು ಆ ಭೀತಿಯನ್ನು ಸಮರ್ಥಿಸಲಿಲ್ಲ. ಅಂತಹ ತಂಡಗಳು ಹಲವು ದೇಶಗಳಲ್ಲಿ ಹುಟ್ಟಿಕೊಂಡುವು.

ಹೀಗೆ ತೀರಗಳನ್ನು ಗೆದ್ದ ದೋಣಿ ತಿಥಿಯನ್ನು ಬಿಟ್ಟುಕೊಟ್ಟಿತು. ಬಹುಮಟ್ಟಿಗೆ ವಾರದ ರಜೆಯೇ ಈಗ ಅದರ ಮುಹೂರ್ತ. ಕಡುಬಾದರೋ ತಿಥಿಯನ್ನು ಬಿಡದೆ ರುಚಿಯನ್ನು ಬದಲಿಸಿತು. ಮಲಕ್ಕಾ, ಪೆನಾಂಗ್, ಸಿಂಗಪುರಗಳ ಪೆರನಾಕನ್ ಮನೆಗಳಲ್ಲಿ ಬೂದುಗುಂಬಳದ ಸಿಹಿತುಂಡು, ಕೊತ್ತಂಬರಿ ಪುಡಿ, ಶಂಖಪುಷ್ಪದ ನೀಲಿ ಅದರೊಳಗೆ ಸೇರಿದುವು.

ಹಬ್ಬದ ಒಡೆತನವೂ ಒಮ್ಮೆ ವಿವಾದಕ್ಕೆ ಬಂದಿತು. ಇದೇ ತಿಥಿಗೆ ಸಂಬಂಧಿಸಿದ, ಮುಖವಾಡದ ನಾಟ್ಯ ಹಾಗೂ ಗಿರಿದೇವತೆಯ ಪೂಜೆಗಳುಳ್ಳ ಕೊರಿಯಾದ ಗಾಂಗ್‌ನುಂಗ್ ಉತ್ಸವಕ್ಕೆ 2005ರಲ್ಲಿ ಯುನೆಸ್ಕೋ ಮನ್ನಣೆ ದೊರೆತಾಗ ಚೀನದಲ್ಲಿ ಅಸಮಾಧಾನ ಮೂಡಿತು. ಅಲ್ಲಿನ ಸರಕಾರ 2008ರಿಂದ ದ್ವಾನ್‌ವೂ ದಿನವನ್ನು ಸಾರ್ವಜನಿಕ ರಜೆಯನ್ನಾಗಿಸಿತು. 2009ರಲ್ಲಿ ಅದೂ ಯುನೆಸ್ಕೋ ಪಟ್ಟಿಯನ್ನು ಸೇರಿತು.

ಆದರೆ ಪಟ್ಟಿಯಾಗಲಿ ರಜೆಯಾಗಲಿ ಕಡುಬು ಕಟ್ಟುವುದನ್ನು ಕಲಿಸಲಾರದು. ಪಂದ್ಯಕ್ಕೆ ಒಕ್ಕೂಟವಿದೆ, ನಿಯಮವಿದೆ, ಪರಕೀಯರ ಪ್ರೀತಿಯೂ ಇದೆ, ಅದು ಬಾಳುತ್ತದೆ. ಎಲೆಯನ್ನು ಮಡಿಸಿ ದಾರ ಬಿಗಿಯುವ ಕೈಗೆ ಮನೆಯ ಹಿರಿಯರ ಹೊರತು ಬೇರೆ ಗುರುವಿಲ್ಲ. ವಲಸೆಹೋದ ಹಬ್ಬವು ಅಳಿಯುವುದಾದರೆ ಮೊದಲು ಅಳಿಯುವುದು ಹೊಳೆಯಲ್ಲಲ್ಲ, ಅಡುಗೆಮನೆಯಲ್ಲಿ.