ನುಡಿಯ ತೂಕವೂ ನುಡಿದವರ ಮತವೂ

ನಡೆ-ನುಡಿಗಳ ಏಕತೆಯನ್ನು ಶರಣರಷ್ಟು ನಿಷ್ಠುರವಾಗಿ ಕೇಳಿದವರು ವಿರಳ. ಆದುದರಿಂದ ಗ್ರಂಥಕರ್ತನ ಮತ, ಚಾರಿತ್ರ್ಯಗಳನ್ನು ಬದಿಗಿರಿಸಿ ಅವನ ಮಾತನ್ನು ತೂಗಬಹುದೇ ಎಂಬ ಪ್ರಶ್ನೆ ನಮಗೆ ಸುಲಭವಾದುದಲ್ಲ. ದೊಡ್ಡಬಳ್ಳಾಪುರದಲ್ಲಿ ಅಧ್ಯಾಪಕನಾಗಿದ್ದಾಗ ಒಮ್ಮೆ ವಚನಗೋಷ್ಠಿಯಲ್ಲಿ ಒಂದು ಪದದ ಅರ್ಥಕ್ಕಾಗಿ ಕಿಟ್ಟೆಲರ ನಿಘಂಟನ್ನು ತೆರೆದೆನು. ಹಿರಿಯ ಭಕ್ತರೊಬ್ಬರು, “ಮೇಷ್ಟ್ರೇ, ಲಿಂಗವನ್ನು ನಂಬದವರನ್ನು ಶರಣರ ಮಾತಿಗೆ ಅರ್ಥ ಕೇಳುವುದೇ?” ಎಂದರು. ಅಂದು ತಕ್ಕ ಉತ್ತರ ನನಗೆ ಹೊಳೆಯಲಿಲ್ಲ.

ಫರ್ಡಿನಾಂಡ್ ಕಿಟ್ಟೆಲ್ (1832–1903) ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಇಲ್ಲಿಗೆ ಬಂದವರು. ಬಂದ ಉದ್ದೇಶ ಕ್ರೈಸ್ತಮತ ಪ್ರಸಾರ. 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ನಮ್ಮ ಛಂದಸ್ಸಿಗೆ ಅಳವಡಿಸಿದುದೂ ಅದಕ್ಕಾಗಿಯೇ. ಆದರೆ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿಯೂ ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿಯೂ ಸಂಪಾದಿಸಿ ಪ್ರಕಟಿಸಿದವರು ಅವರೇ. 1894ರಲ್ಲಿ ಮಂಗಳೂರಿನಲ್ಲಿ ಹೊರಬಂದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅವುಗಳ ಅರ್ಥಕ್ಕೆ ಆಧಾರವಾಗಿ ಭೀಮಕವಿಯ ‘ಬಸವಪುರಾಣ’ವೂ ಉಲ್ಲೇಖಗೊಂಡಿದೆ. ಆ ಪುರಾಣದ ಶ್ರದ್ಧೆ ಅವರದಲ್ಲ. ಅದರ ನುಡಿಯನ್ನು ಮಾತ್ರ ಅವರು ಪ್ರಮಾಣವಾಗಿ ಮನ್ನಿಸಿದರು.

ಇಲ್ಲಿ ಒಂದು ವಿವೇಕ ಅಗತ್ಯ. ಅನುಭಾವದ ಮಾತಿಗೆ ಆಡಿದವರ ಬಾಳೇ ಸಾಕ್ಷಿ. ನಡೆ ತಪ್ಪಿದರೆ ಆ ನುಡಿ ಬರಿದಾಗುತ್ತದೆ. ನಿಘಂಟಿನ ಮಾತು ಹಾಗಲ್ಲ. ಅದು ನಿಂತಿರುವುದು ಪ್ರಯೋಗದ ಮೇಲೆ. ಓಲೆಯನ್ನೋ ಗ್ರಂಥವನ್ನೋ ಬಿಚ್ಚಿ ಯಾರಾದರೂ ಒರೆಹಚ್ಚಬಹುದು. ಇವೆರಡರ ನಡುವಣದು ವ್ಯಾಖ್ಯಾನ. ಲಿಂಗಪೂಜೆಯ ಮೂಲವನ್ನು ಕುರಿತು ಕಿಟ್ಟೆಲರು 1876ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಪ್ರಬಂಧ ಇಂತಹುದು. ಅಲ್ಲಿ ಲೇಖಕರ ಮತವನ್ನು ಅರಿತೇ ಓದಬೇಕು. ಆದರೆ ಆ ಅರಿವು ಎಲ್ಲಿ ಪರೀಕ್ಷಿಸಬೇಕೆಂಬುದನ್ನು ತೋರಿಸೀತೇ ಹೊರತು ಪರೀಕ್ಷೆಗೆ ಮೊದಲೇ ತೀರ್ಪನ್ನು ನೀಡಲಾರದು.

ನಮ್ಮ ಅವಸರಕ್ಕೂ ಕಡಿವಾಣ ಬೇಕು. ನಿಘಂಟಿನಲ್ಲಿ ವಚನಕಾರರ ಪದವೊಂದು ದೊರೆಯದಿದ್ದರೆ ಅದನ್ನು ಮತದ್ವೇಷವೆನ್ನುವ ಮುನ್ನ ಕಾಲವನ್ನು ನೋಡಬೇಕು. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾದುದು 1923ರಲ್ಲಿ, ಕಿಟ್ಟೆಲರು ತೀರಿಕೊಂಡ ಇಪ್ಪತ್ತು ವರ್ಷಗಳ ಮೇಲೆ.

ಆ ಹಿರಿಯರಿಗೆ ಇಂದು ಹೇಳಬಹುದಾದರೆ ಹೀಗೆ ಹೇಳಿಯೇನು: ಪದದ ಅರ್ಥವನ್ನು ಕಿಟ್ಟೆಲರಲ್ಲಿ ಕೇಳೋಣ, ಪ್ರಯೋಗಗಳೊಡನೆ ಒರೆದು ನೋಡೋಣ, ವಚನದ ಸತ್ಯವನ್ನು ಶರಣರ ಬಾಳಿನಲ್ಲಿ ಅರಸೋಣ. ಹೊರಗಿನವರ ನುಡಿಯನ್ನು ನ್ಯಾಯವಾಗಿ ತೂಗುವುದೂ ನಮ್ಮ ನಡೆಯ ಪರೀಕ್ಷೆಯೇ ಅಲ್ಲವೇ?