ಶ್ರೀರಂಗಪಟ್ಟಣದ ಪದಕ: ಹುದ್ದೆಗೊಂದು ಲೋಹ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಟಿಪ್ಪು ಸುಲ್ತಾನ್ ಹೋರಾಡುತ್ತಲೇ ಸತ್ತರು. ಇದು ನಾವೆಲ್ಲ ಶಾಲೆಯಲ್ಲಿ ಓದಿದ್ದೇ. ಆದರೆ ಆ ಗೆಲುವಿಗೆ ಈಸ್ಟ್ ಇಂಡಿಯಾ ಕಂಪನಿ ಒಂದು ಪದಕ ಮಾಡಿಸಿ ಸೈನಿಕರಿಗೆ ಹಂಚಿದ ಕಥೆ ಪಾಠದಲ್ಲಿ ಇರಲಿಲ್ಲ.

ಮಿಲಿಟರಿ ಪದಕಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಸಾಹಸ ಮೆರೆದವರಿಗೆ ಕೊಡುವ ಶೌರ್ಯ ಪದಕ. ಇನ್ನೊಂದು, ಒಂದು ಯುದ್ಧದಲ್ಲಿ ಸೇವೆ ಮಾಡಿದವರಿಗೆಲ್ಲ ಕೊಡುವ ಸೇವಾ ಪದಕ. ಶ್ರೀರಂಗಪಟ್ಟಣದ ಪದಕ ಎರಡನೆಯ ಬಗೆಯದು. ಆ ಯುದ್ಧದಲ್ಲಿ ಇದ್ದದ್ದೇ ಅರ್ಹತೆ. ಗೋರಾ ಸಿಪಾಯಿ, ದೇಶೀ ಸಿಪಾಯಿ ಇಬ್ಬರಿಗೂ ಸಿಕ್ಕಿತು.

ಅಚ್ಚು ತಯಾರಾದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಸೋಹೊ ಟಂಕಸಾಲೆಯಲ್ಲಿ. ಒಂದು ಮಗ್ಗುಲಲ್ಲಿ ಕೋಟೆಗೆ ಲಗ್ಗೆ ಹಾಕುವ ದೃಶ್ಯ. ಇನ್ನೊಂದು ಮಗ್ಗುಲಲ್ಲಿ ಹುಲಿಯನ್ನು ಕೆಡವಿದ ಸಿಂಹ. ಹುಲಿ ಟಿಪ್ಪುವಿನ ಲಾಂಛನ, ಸಿಂಹ ಬ್ರಿಟಿಷರದು. ಅರ್ಥ ಬಿಡಿಸಿ ಹೇಳಬೇಕಿಲ್ಲ.

ಚಿತ್ರ ಎಲ್ಲರಿಗೂ ಒಂದೇ. ಲೋಹ ಮಾತ್ರ ಬೇರೆ ಬೇರೆ.

ಜನರಲ್‌ಗಳಂಥ ದೊಡ್ಡ ಅಧಿಕಾರಿಗಳಿಗೆ ಚಿನ್ನ. ಮೇಜರ್ ದರ್ಜೆಯವರಿಗೆ ಚಿನ್ನದ ಲೇಪದ ಬೆಳ್ಳಿ. ಕ್ಯಾಪ್ಟನ್ ಮತ್ತು ಕೆಳಗಿನ ಅಧಿಕಾರಿಗಳಿಗೆ ಬೆಳ್ಳಿ. ಹವಾಲ್ದಾರರ ಮಟ್ಟದವರಿಗೆ ಕಂಚು. ಸಾಮಾನ್ಯ ಸಿಪಾಯಿಗೆ ತವರ.

ಆ ಸೈನ್ಯದಲ್ಲಿ ಬಿಳಿಯರಿಗಿಂತ ದೇಶೀ ಸಿಪಾಯಿಗಳೇ ಹೆಚ್ಚು. ಅವರ ಪಾಲಿಗೆ ಬಂದದ್ದು ಹೆಚ್ಚಾಗಿ ತವರವೇ. ಅದೂ ಕೈಸೇರಲು ವರ್ಷಗಳು ಹಿಡಿದವು. ಪದಕದ ಮೇಲೆ ಪಡೆದವನ ಹೆಸರೂ ಇರಲಿಲ್ಲ. ಇವತ್ತು ಅಂಥ ಒಂದು ಪದಕ ಸಿಕ್ಕರೆ, ಅದು ಯಾವ ದರ್ಜೆಯವನದು ಎಂದು ಲೋಹ ನೋಡಿ ಹೇಳಬಹುದು. ಯಾರದು ಎಂದು ಹೇಳಲಾಗದು.

ಇದೇ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿ ಎಂಬ ಕರ್ನಲ್ ಇದ್ದ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ, 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಅವನೇ. ವಾಟರ್ಲೂ ಪದಕದ ಲೆಕ್ಕ ಬೇರೆಯಾಯಿತು: ಅಧಿಕಾರಿಗೂ ಸಿಪಾಯಿಗೂ ಒಂದೇ ಬೆಳ್ಳಿ, ಅಂಚಿನಲ್ಲಿ ಅವರವರ ಹೆಸರು.

ಸ್ವತಂತ್ರ ಭಾರತವೂ ಇದೇ ದಾರಿ ಹಿಡಿಯಿತು. 1965ರ ಯುದ್ಧದ ಸಮರ ಸೇವಾ ಸ್ಟಾರ್ ಇರಲಿ, 1971ರ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಇರಲಿ, ಜನರಲ್‌ಗೂ ಜವಾನನಿಗೂ ಲೋಹ ಒಂದೇ.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಪದಕ ಇದ್ದರೆ ತೆಗೆದು ನೋಡಿ. ಅಂಚಿನಲ್ಲೋ ಹಿಂಬದಿಯಲ್ಲೋ ಸಾಮಾನ್ಯವಾಗಿ ನಂಬರ್, ಹುದ್ದೆ, ಹೆಸರು ಕೆತ್ತಿರುತ್ತಾರೆ. ಹಳೇ ಸಾಮಾನಿನವನಿಗೆ ತೂಕಕ್ಕೆ ಹಾಕುವ ಮುಂಚೆ ಆ ಹೆಸರನ್ನು ಮಕ್ಕಳಿಗೆ ಓದಿ ಹೇಳಿ. ಶ್ರೀರಂಗಪಟ್ಟಣದ ಸಿಪಾಯಿಗೆ ಸಿಗದೇ ಹೋದದ್ದು ಅದೇ.